ಅವ್ವ ಮಸೆದ ಹಲ್ಲಿನ ಚಾಕು

ಕೊಬ್ಬರಿ ಎಣ್ಣೆಯಲ್ಲಿ ಕಬ್ಬಿಣದ ಪುಡಿ ಬೆರೆತಾಗ ಒಂದು ವಾಸನೆ ಏಳುತ್ತದೆ. ಅದು ಎಣ್ಣೆಯದೂ ಅಲ್ಲ, ತುಕ್ಕಿನದೂ ಅಲ್ಲ; ನಾಲಿಗೆಯ ಮೇಲೆ ಒಗರಾಗಿ ಕೂರುವ ಬೇರೆಯದೇ ವಾಸನೆ. ಮೊನ್ನೆ ಪೀಣ್ಯದ ಬಸ್‌ಸ್ಟಾಪಿನಲ್ಲಿ, ಬೀಗ ರಿಪೇರಿಯವನ ಪೆಟ್ಟಿಗೆಯ ಪಕ್ಕ ನಿಂತಿದ್ದಾಗ ಅದು ಮೂಗಿಗೆ ಬಡಿಯಿತು. ಬಸ್ಸು ಬಂದರೂ ನಾನು ಹತ್ತಲಿಲ್ಲ. ನಿಮಗೂ ಅಂಥದೊಂದು ವಾಸನೆ ಇದ್ದೇ ಇರುತ್ತದೆ, ನಿಂತ ನೆಲದಿಂದ ಎತ್ತಿ ಈಗ ಇಲ್ಲದ ಮನೆಯ ಹೊಸ್ತಿಲಲ್ಲಿ ಕೂರಿಸುವಂಥದು. ನನ್ನದು ಮಾದನಾಯಕನಹಳ್ಳಿಯ ಒಂದು ವಠಾರದ ಕೊನೆಯ ಕೋಣೆಯ ಹೊಸ್ತಿಲು.

ತಗಡಿನ ಮಾಡು, ಒಂದೇ ಕಿಟಕಿ. ತುಮಕೂರು ರಸ್ತೆಯಲ್ಲಿ ಭಾರದ ಲಾರಿ ಹೋದರೆ ಗೂಡಿನ ಲೋಟಗಳು ಒಂದಕ್ಕೊಂದು ತಾಗಿ ಕಿಣಿಕಿಣಿ ಎನ್ನುತ್ತಿದ್ದವು. ಬಾಗಲಕೋಟೆ ಕಡೆಯಿಂದ ಬಂದ ಅಪ್ಪ ಹತ್ತಿರದ ಗೋಡೌನಿನಲ್ಲಿ ಲೋಡು ಇಳಿಸುತ್ತಿದ್ದ. ಮೂಟೆಗಳ ಹಗ್ಗ ಕೊಯ್ಯಲು ಅವನ ಜೇಬಿನಲ್ಲೊಂದು ಮಡಚುವ ಚಾಕು ಇರುತ್ತಿತ್ತು. ಅದರ ಅಲಗಿನ ತುದಿಯ ಅರ್ಧ ನುಣುಪು, ಹಿಡಿಯ ಕಡೆಯ ಅರ್ಧ ಗರಗಸದ ಹಾಗೆ ಹಲ್ಲು. ಭಾನುವಾರದ ಬಿಸಿಲಿಗೆ ಕೂತು, ದಪ್ಪ ಮೊಳೆಗೆ ಉಪ್ಪುಕಾಗದ ಸುತ್ತಿ, ಎಣ್ಣೆ ಸವರಿ, ಒಂದೊಂದೇ ಹಲ್ಲಿನ ಸಂದಿಯನ್ನು ತಿಕ್ಕುತ್ತಿದ್ದ. “ಹಲ್ಲು ಒಂದ ಮಗ್ಗಲಕ್ಕ ಅದಾವ ನೋಡು. ಆ ಮಗ್ಗಲಷ್ಟ ತಿಕ್ಕಬೇಕು. ಎರಡೂ ಕಡೆ ತಿಕ್ಕಿದ್ರ ಬೋಳಾಗ್ತೈತಿ,” ಎಂದು ನನಗೆ ಹೇಳುತ್ತಿದ್ದ. ಒಳಗೆ ರೊಟ್ಟಿ ಬಡಿಯುತ್ತಿದ್ದ ಅವ್ವ ಕೇಳಿಯೂ ಕೇಳದವಳಂತೆ ಇರುತ್ತಿದ್ದಳು.

ನಾನು ಆರನೇ ಕ್ಲಾಸಿನಲ್ಲಿದ್ದಾಗ ಅಪ್ಪ ಕಾಮಾಲೆಯಾಗಿ ಆಸ್ಪತ್ರೆಯಲ್ಲಿ ತೀರಿಕೊಂಡ. ಮಣ್ಣು ಮಾಡಿದ ಮೇಲೆ ಅಪ್ಪನ ಅಣ್ಣ, ನನ್ನ ದೊಡ್ಡಪ್ಪ, ನಮ್ಮನ್ನು ಊರಿಗೆ ಕರೆದೊಯ್ಯಲು ಉಳಿದುಕೊಂಡ. ಅವನು ಕೆಟ್ಟವನಲ್ಲ, ತಮ್ಮನ ಅಂಗಿಯನ್ನು ಮುಖಕ್ಕೆ ಒತ್ತಿಕೊಂಡು ಅತ್ತವನು. ಆದರೆ ಅವನ ಮನೆಯಲ್ಲಿ ಅವ್ವನಿಗೆ ಸಿಗುವುದು ಅಡುಗೆಮನೆಯ ಮೂಲೆ, ನನ್ನ ಶಾಲೆ ಅಲ್ಲಿಗೆ ಮುಗಿದಂತೆ ಎಂಬುದು ನಮ್ಮಿಬ್ಬರಿಗೂ ಗೊತ್ತಿತ್ತು. “ಹೆಂಗಸು, ಒಂದು ಹುಡುಗಿ. ಈ ಲಾರಿ ಊರಾಗ ಏನ್ ಮಾಡ್ತೀರಿ? ಸಂಜಿ ಬಸ್ಸಿಗೆ ಹೋಗೂಣು,” ಎಂದ. ಅಪ್ಪ ಹೋದಾಗಿನಿಂದ ಅವ್ವ ಬಾಯಿ ಬಿಟ್ಟಿರಲಿಲ್ಲ. ಅವಳ ಮೌನವನ್ನೇ ಒಪ್ಪಿಗೆ ಎಂದುಕೊಂಡು ಅವನು ಸಾಮಾನು ಕಟ್ಟತೊಡಗಿದ. ಟ್ರಂಕಿನ ಕೀಲಿ ಅಪ್ಪನ ಉಡಿದಾರದ ಜೊತೆ ಆಸ್ಪತ್ರೆಯಲ್ಲೇ ಕಳೆದಿತ್ತು. ದೊಡ್ಡಪ್ಪ ಗೂಡಿನಲ್ಲಿದ್ದ ಚಾಕು ತೆಗೆದು, ಅಲಗನ್ನು ಮುಚ್ಚಳದ ಸಂದಿಗೆ ತೂರಿಸಿ ಮೀಟಿದ. ಟಣ್ ಎಂದು ಮೊನೆ ಮುರಿದು ಹಾರಿತು. ಅಷ್ಟಕ್ಕೆ ಬಿಡದೆ ಹಲ್ಲಿನ ಭಾಗವನ್ನೇ ಒತ್ತಿದ. ಬೀಗ ಕಿತ್ತು ಬಂತು, ಎರಡು ಹಲ್ಲು ಚೂರಾದವು. “ಕೆಟ್ಟು ಹೋತು. ಒಗಿ ಅತ್ತಾಗ,” ಎಂದು ಅದನ್ನು ಬಾಗಿಲಾಚೆ ಎಸೆದ.

ಅವ್ವ ಎದ್ದಳು. ಅಂಗಳದಿಂದ ಚಾಕು ಎತ್ತಿಕೊಂಡು ಸೆರಗಿನಲ್ಲಿ ಒರೆಸಿದಳು. “ಕೆಟ್ಟಿಲ್ಲ. ಮುರದೈತಿ, ಅಷ್ಟ,” ಎಂದಳು. ಆಮೇಲೆ ಬಟ್ಟೆ ಒಗೆಯುವ ಕಲ್ಲಿನ ಹತ್ತಿರ ಕೂತಳು. ಮೊದಲು ಅಲಗಿನ ಬೆನ್ನನ್ನು ಕಲ್ಲಿಗೆ ಉಜ್ಜಿದಳು, ಬೆನ್ನೇ ಇಳಿಜಾರಾಗಿ ಸವೆದು ಕೊಯ್ಯುವ ಬಾಯಿಯನ್ನು ಕೂಡಿ ಹೊಸ ಮೊನೆ ಮೂಡುವ ತನಕ. ಬಾಯಿಯ ಕಡೆ ಕಲ್ಲು ತಾಗಿಸಲಿಲ್ಲ. ಬಿಸಿಯಾದಾಗ ನೀರು ಚಿಮುಕಿಸಿದಳು. ಕಲ್ಲಿನಿಂದ ಕಪ್ಪು ನೀರು ಇಳಿದು ಅವಳ ಕಾಲ್ಬೆರಳ ಸಂದಿಯಲ್ಲಿ ನಿಂತಿತು. ಆಮೇಲೆ ಅಪ್ಪನ ಮೊಳೆ, ಉಪ್ಪುಕಾಗದ, ಎಣ್ಣೆ. ಮುರಿದ ಎರಡು ಹಲ್ಲುಗಳ ಅಕ್ಕಪಕ್ಕದ ಸಂದಿಯನ್ನು ಇನ್ನಷ್ಟು ಆಳ ಮಾಡಿ ಗಿಡ್ಡ ಹಲ್ಲು ಎಬ್ಬಿಸಿದಳು. ಒಂದೇ ಮಗ್ಗುಲು. ಹಿಂಬದಿಗೆ ಎದ್ದ ಮುಳ್ಳಿನಂಥ ಸಿಬಿರನ್ನು ಬೆರಳಲ್ಲಿ ಹುಡುಕಿ, ಆ ಬದಿಯನ್ನು ಕಲ್ಲಿಗೆ ಮಟ್ಟಸವಾಗಿಟ್ಟು ಹಗುರಾಗಿ ಎಳೆದಳು.

“ಬಸ್ಸಿನ ಹೊತ್ತಾತು,” ಎಂದ ದೊಡ್ಡಪ್ಪ.

“ನೀವು ಹೋಗ್ರಿ ಭಾವಾರ. ನಾವು ಬರಂಗಿಲ್ಲ.”

“ಯಾರನ್ನ ನಂಬಿ ಇರ್ತಿ? ಮಂದಿ ಏನಂತಾರ?”

“ಯಾರನ್ನೂ ನಂಬಿಲ್ರೀ. ದುಡೀತೀನಿ. ಮಂದಿ ಮಾತು ಮಂದಿ ಬಾಯಾಗ ಇರ್ಲಿ.” ಅವಳು ತಲೆ ಎತ್ತಲಿಲ್ಲ, ಕೈಯೂ ನಿಲ್ಲಲಿಲ್ಲ.

ಗಲಾಟೆ ಕೇಳಿ ವಠಾರದ ಒಡತಿ ಗಂಗಮ್ಮ ಬಂದರು. ಆ ಊರಿನವರೇ, ಗಟ್ಟಿ ದನಿ. “ಬಲವಂತವಾಗಿ ಯಾಕಪ್ಪ ಎಳ್ಕೊಂಡ್ ಓಗ್ತೀಯ? ಇಲ್ಲೇ ಇರ್ಲಿ ಬುಡು. ನಾವೇನ್ ಸತ್ತೋಗಿದೀವಾ?” ಎಂದರು. ದೊಡ್ಡಪ್ಪ ತಾನು ಕಟ್ಟಿದ್ದ ಪಾತ್ರೆಗಳ ಗಂಟನ್ನು ಗೋಡೆಯ ಬದಿಗೆ ಸರಿಸಿಟ್ಟ. ಆಮೇಲೆ ನನ್ನ ತಲೆ ನೇವರಿಸಿ ಒಬ್ಬನೇ ಹೋದ. ಅವ್ವ ಆ ಗಂಟಿನ ಹಗ್ಗಕ್ಕೆ ಚಾಕು ಹಿಡಿದು ಒಮ್ಮೆ ಎಳೆದಳು. ಪಾತ್ರೆಗಳು ನೆಲದ ಮೇಲೆ ಉರುಳಿದವು. ಆಗ ಅವಳು ಅತ್ತಳು, ಅಪ್ಪ ಹೋದ ಮೇಲೆ ಮೊದಲ ಸಲ.

ಮಾರನೆಯ ದಿನ ಗೋಡೌನಿನ ಸೂಪರ್‌ವೈಸರ್ “ಹೆಂಗಸ್ರಿಗೆ ಈ ಕೆಲ್ಸ ಇಲ್ಲಮ್ಮ” ಎಂದು ಗೇಟಿನಿಂದಲೇ ಕಳಿಸಿದ. ಅವ್ವ ಮತ್ತೆ ಹೋದಳು, ಮತ್ತೂ ಹೋದಳು. ಕೊನೆಗೆ ಕಸ ಗುಡಿಸಲು ಸೇರಿಸಿಕೊಂಡರು. ಮೂಟೆ ಬಿಚ್ಚುವ ಕೆಲಸ ಕೈಗೆ ಬರುವಷ್ಟರಲ್ಲಿ ನಾನು ಹೈಸ್ಕೂಲು ಮುಗಿಸಿದ್ದೆ. ಸವೆದು ಸವೆದು ಸಣಕಲಾದ ಆ ಚಾಕು ಒಂದು ದಿನ ಮೂಟೆಗಳ ನಡುವೆ ಎಲ್ಲೋ ಬಿದ್ದುಹೋಯಿತು. ನಾನು ಅತ್ತೆ. ಅವ್ವ ಸಂತೆಯಲ್ಲಿ ಇನ್ನೊಂದು ಕೊಂಡು, ಆ ಭಾನುವಾರವೇ ಮಸೆಯಲು ಕೂತಳು.

ಗಂಗಮ್ಮ ತೀರಿಕೊಂಡ ಮೇಲೆ ಅವರ ಮಕ್ಕಳು ಜಾಗ ಮಾರಿದರು. ವಠಾರ ಕೆಡವುವ ದಿನ ನಾನು ಬೇಡವೆಂದರೂ ಅವ್ವ ಹೋದಳು. “ದೂರ ಸರೀರಿ ಅಮ್ಮ,” ಎಂದು ಜೆಸಿಬಿಯವನು ಕೂಗಿದರೆ, “ನಾ ರೊಟ್ಟಿ ಬಡದ ಮನಿ ಇದು. ನೋಡೇ ಹೋಗ್ತೀನಿ,” ಎಂದು ಒಲೆಯ ಮಸಿ ಹಿಡಿದ ಗೋಡೆ ಬೀಳುವವರೆಗೆ ಧೂಳಿನಲ್ಲೇ ನಿಂತಿದ್ದಳಂತೆ. ಈಗ ಅವಳೂ ಇಲ್ಲ.

ಅವಳ ವರ್ಷದ ಕಾರ್ಯ ಮುಗಿಸಿ ನಾನೊಮ್ಮೆ ಅಲ್ಲಿಗೆ ಹೋದೆ. ನೀಲಿ ತಗಡಿನ ದೊಡ್ಡ ಶೆಡ್ಡು, ಉದ್ದ ಕಾಂಪೌಂಡು. ಗೇಟಿನಲ್ಲಿದ್ದ ಸೆಕ್ಯೂರಿಟಿಯವನು ಕೇಳಿದ, “ಯಾರ್ ಬೇಕು ಮೇಡಂ?”

“ಇಲ್ಲಿ ನಮ್ಮ ಮನೆ ಇತ್ತು.”

“ಇಲ್ಲಿಯಾ? ಇಲ್ಲಿ ಮನೆ ಗಿನೆ ಇರ್ಲಿಲ್ಲ ಮೇಡಂ. ಮೊದ್ಲಿಂದ್ಲೂ ಗೋಡೌನೇ.”

“ಇತ್ತು,” ಎಂದೆ. ಅವನು ಮತ್ತೇನೋ ಹೇಳಹೊರಟ. ನಾನು ಸರಿಯದೆ ಅಲ್ಲೇ ನಿಂತಿದ್ದೆ.