ಶರಣಮ್ಮನ ಲಿಂಗ ಹುಡುಕಿಕೊಂಡು ಚೆನ್ನೈಗೆ

ಆ ಭಾನುವಾರ ಮಧ್ಯಾಹ್ನ ನಾನು ದೇವದುರ್ಗದ ನನ್ನ ಅಂಗಡಿಯಲ್ಲಿ ಶಾಲೆ ಮಕ್ಕಳ ಸಮವಸ್ತ್ರ ಹೊಲಿಯುತ್ತ ಕೂತಿದ್ದೆ. ಬಿಸಿಲು ಜೋರಿತ್ತು, ಕರೆಂಟು ಹೋಗಿ ಬಂದು ಮಾಡುತ್ತಿತ್ತು. ಎರಡು ಗಂಟೆಯ ಸುಮಾರಿಗೆ ಹೆಂಡತಿ ಶರಣಮ್ಮ ಚೆನ್ನೈನಿಂದ ಫೋನ್ ಮಾಡಿದಳು. ಅವಳ ಮಹಿಳಾ ಸಂಘದ ಐದು ಜನ ಜೋಳದ ರೊಟ್ಟಿ, ಶೇಂಗಾ ಹಿಂಡಿ ಮಾರಲು ಅಲ್ಲಿನ ಒಂದು ಮೇಳಕ್ಕೆ ಹೋಗಿ ನಾಲ್ಕು ದಿನವಾಗಿತ್ತು.

"ರೊಟ್ಟಿ ಎಲ್ಲಾ ಖಾಲಿ ಆದ್ವು ನೋಡ್ರಿ. ಸಂಜಿಗೆ ಸಮುದ್ರ ನೋಡಾಕ ಹೊಂಟೀವಿ" ಅಂದಳು.

"ನೀರಾಗ ಇಳೀಬ್ಯಾಡ."

"ಇಷ್ಟು ದೂರ ಬಂದು ದಂಡಿಗೆ ನಿಂತು ನೋಡಿ ಬರಾಕ ಅದೇನು ಸಿನಿಮಾನಾ? ಕಾಲು ತೋಯಿಸ್ಕೊಂಡು ಬರ್ತೀವಿ."

"ಹಂಗಾದ್ರ ಕೊರಳಾಗಿನ ಲಿಂಗ ತಗದು ಯಾರ ಕೈಯಾಗರ ಕೊಟ್ಟು ಹೋಗು. ತೆರಿ ಹೊಡದು ದಾರ ಹರೀತಂದ್ರ ಎಲ್ಲಿ ಹುಡುಕ್ತಿ?"

ನಮ್ಮಲ್ಲಿ ಜೀವ ಇರುವವರೆಗೆ ಲಿಂಗವನ್ನು ಮೈಯಿಂದ ದೂರ ಮಾಡುವಂತಿಲ್ಲ. "ಲಿಂಗ ತಗೀ ಅಂತೀರೇನ್ರಿ? ತಲಿ ನೆಟ್ಟಗ ಅದನೋ ಇಲ್ಲೋ?" ಅಂದಳು. ನಾನು, "ಕಳಕೊಂಡು ಬಂದು ಅಳಾಕ ಕುಂದರಬ್ಯಾಡ. ಹೇಳಿದಷ್ಟು ಕೇಳು" ಎಂದು ಗದರಿಸಿದೆ. ಅಳತೆ ಕೊಡಲು ಒಬ್ಬರು ಬಂದು ನಿಂತಿದ್ದರು. ಫೋನ್ ಇಟ್ಟೆ.

ಅಂದು ಸಂಜೆ ಆರೂವರೆಗೆ ಅವಳ ಗೆಳತಿ ಮಹಾದೇವಿ ಫೋನ್ ಮಾಡಿದಳು. ಮೊಣಕಾಲುಮಟ ನೀರಿನಲ್ಲಿ ಕೈ ಹಿಡಿದು ನಿಂತಿದ್ದರಂತೆ. ದೊಡ್ಡದೊಂದು ತೆರೆ ಬಂದು ಇಬ್ಬರನ್ನು ಕೆಡವಿತಂತೆ. ಮಹಾದೇವಿ ಎದ್ದಳು, ಶರಣಮ್ಮ ಏಳಲಿಲ್ಲ.

ಹೆಣ ಆಂಬುಲೆನ್ಸಿನಲ್ಲಿ ಮರುದಿನ ಸಂಜೆ ದೇವದುರ್ಗಕ್ಕೆ ಬಂತು. ನಮ್ಮಲ್ಲಿ ಸತ್ತವರನ್ನು ಗುಣಿಯಲ್ಲಿ ಕೂರಿಸಿ, ಅವರು ಜೀವಮಾನವೆಲ್ಲ ಪೂಜಿಸಿದ ಲಿಂಗವನ್ನು ಎಡಗೈಯಲ್ಲಿಟ್ಟು ಮಣ್ಣು ಕೊಡುತ್ತಾರೆ. ಮಠದ ಅಯ್ಯನವರು ಎಲ್ಲರ ಎದುರಿಗೇ, "ಲಿಂಗ ಎಲ್ಲಿ?" ಎಂದು ಕೇಳಿದರು. ಅವಳ ಕೊರಳಲ್ಲಿ ಇರಲಿಲ್ಲ. ಚೀಲದಲ್ಲೂ ಇರಲಿಲ್ಲ. ಮಹಾದೇವಿ ತಾನು ನೋಡಲಿಲ್ಲ ಅಂದಳು. ಕಾಯುವಂತಿರಲಿಲ್ಲ, ಅಯ್ಯನವರು ಮಠದಿಂದ ಬೇರೊಂದು ಲಿಂಗ ತರಿಸಿ ಇಟ್ಟರು. ಮಣ್ಣು ಕೊಟ್ಟು ತಿರುಗುವಾಗ ಹಿಂದಿನಿಂದ ಒಂದು ದನಿ ಕೇಳಿತು: "ಲಿಂಗ ತಗದು ನೀರಾಗ ಇಳದಾಳಂತ. ಶಿವ ಸುಮ್ನ ಬಿಡ್ತಾನೇನು?"

ಅತ್ತೆ ನಿಂಗಮ್ಮ ಮಾನ್ವಿ ತಾಲ್ಲೂಕಿನ ಮಲ್ಲಟದವಳು. ಮಗಳು ಹಸುಗೂಸಾಗಿದ್ದಾಗ ಆ ಲಿಂಗ ಕಟ್ಟಿಸಿದವಳು ಅವಳೇ. "ನನ್ನ ಮಗಳು ಲಿಂಗ ತಗಿಯಾಕಿ ಅಲ್ಲ. ಆಸ್ಪತ್ರಿಯಾಗ ಬಿಚ್ಚಿಟ್ಟಿರ್ತಾರ, ಹೋಗಿ ತಾ" ಎಂದು ಹನ್ನೊಂದನೇ ದಿನ ಹೇಳಿದಳು. ಸಿಕ್ಕರೆ ಗುಣಿಯ ಬದಿಯಲ್ಲೇ ಇಡೋಣ ಎಂದು ಅಯ್ಯನವರೂ ಅಂದರು. ನಾನು ಫೋನಿನಲ್ಲಿ ಏನು ಹೇಳಿದ್ದೆ ಎಂಬುದನ್ನು ಇಬ್ಬರಿಗೂ ಹೇಳಲಿಲ್ಲ. ಶಾಲೆ ಶುರುವಾಗುತ್ತದೆ, ಬಟ್ಟೆ ಕೊಡುವುದಿದೆ ಎಂದು ನೆಪ ಹೇಳುತ್ತ ದಿನ ದೂಡಿದೆ. ಹೊರಟಾಗ ಅವಳು ಹೋಗಿ ನಲವತ್ತು ದಿನ ಕಳೆದಿತ್ತು.

ದೇವದುರ್ಗದಿಂದ ಮೊದಲ ಬಸ್ಸಿಗೆ ರಾಯಚೂರಿಗೆ ಹೋದೆ. ಒಂದೂವರೆ ಗಂಟೆಯ ದಾರಿ. ಹೆಂಗಸರಿಗೆ ಟಿಕೆಟ್ ಇಲ್ಲದ್ದರಿಂದ ಬಸ್ಸು ತುಂಬಿತ್ತು, ರಾಯಚೂರಿನವರೆಗೆ ನಿಂತೇ ಹೋದೆ. ಸ್ಟೇಷನ್ನಿನಲ್ಲಿ ಎರಡು ಇಡ್ಲಿ ತಿಂದು, ಎಂಟರ ಮೇಲೆ ಬಂದ ಚೆನ್ನೈ ರೈಲು ಹತ್ತಿದೆ. ಮುಂಬೈಯಿಂದ ಬರುವ ರೈಲು, ಸ್ಲೀಪರ್ ಡಬ್ಬಿಯಲ್ಲೂ ಕಾಲಿಡಲು ಜಾಗವಿಲ್ಲ. ಕೃಷ್ಣೆಯಿಂದ ದೂರವಾದಂತೆ ಗದ್ದೆಗಳು ಮುಗಿದು ಆದೋನಿಯ ಕಡೆ ಕೆಂಪು ನೆಲ ಶುರುವಾಯಿತು. ಗುಂತಕಲ್ಲಿನಲ್ಲಿ ಮೊಸರನ್ನದ ಪೊಟ್ಟಣ ತೆಗೆದುಕೊಂಡೆ, ಹುಳಿಯಾಗಿತ್ತು, ಅರ್ಧ ಬಿಟ್ಟೆ. ಕಡಪಾದ ಹತ್ತಿರ ಕಿಟಕಿಯ ಸರಳು ಮುಟ್ಟಲಾಗದಷ್ಟು ಕಾದಿತ್ತು.

ಎದುರಿನ ಸೀಟಿನಲ್ಲಿದ್ದ ತೆಲುಗು ಮುದುಕ, "ತಿರುಪತಿಗಾ?" ಎಂದು ಕೇಳಿದ. ಅಲ್ಲ, ಚೆನ್ನೈಗೆ ಅಂದೆ. "ಕೆಲಸಕ್ಕಾ?" ಅಂದ. ಆಸ್ಪತ್ರೆಗೆ ಅಂದೆ. "ಯಾರಿಗೆ ಹುಷಾರಿಲ್ಲ?" ಎಂದು ಮತ್ತೆ ಕೇಳಿದ. ಯಾರಿಗೂ ಇಲ್ಲ ಅಂದೆ. ಅವನು ನನ್ನ ಮುಖ ನೋಡಿ, ಬಾಳೆಹಣ್ಣೊಂದು ಕೊಟ್ಟ. ರೇಣಿಗುಂಟದಲ್ಲಿ ಅರ್ಧ ಡಬ್ಬಿ ಇಳಿದು ಹೋಯಿತು. ರಾತ್ರಿ ಎಂಟಕ್ಕೆ ಚೆನ್ನೈ ತಲುಪಿ, ಸ್ಟೇಷನ್ನಿನ ಎದುರಿನ ಗಲ್ಲಿಯಲ್ಲಿ ಐನೂರು ರೂಪಾಯಿಯ ಒಂದು ಕೋಣೆ ಹಿಡಿದೆ. ಅಂಗಿ ಮೈಗೆ ಅಂಟಿಕೊಂಡಿತ್ತು. ನಮ್ಮ ಕಡೆಯ ಸೆಕೆ ಒಣ ಸೆಕೆ. ಇಲ್ಲಿಯದು ಒದ್ದೆ ಬಟ್ಟೆ ಹೊದ್ದುಕೊಂಡ ಹಾಗೆ.

ಬೆಳಿಗ್ಗೆ ಆಸ್ಪತ್ರೆಗೆ ಹೋಗಲು ಆಟೊ ಕೇಳಿದೆ. ನನಗೆ ತಮಿಳು ಬಾರದು. ಅರ್ಧಂಬರ್ಧ ಹಿಂದಿಯಲ್ಲಿ ಮಾತಾಡಿದ್ದಕ್ಕೆ ಚಾಲಕ ತಿರುಗಿ ನೋಡಿ, "ಕಾಂ ಸೇ ಆರೇ ಭಾಯ್?" ಎಂದು ಎಲ್ಲಿಂದ ಬಂದದ್ದೆಂದು ಕೇಳಿದ. ರಾಯಚೂರಿನಲ್ಲಿ ಅತ್ತರು ಮಾರುವವರು ಕೇಳುವ ಹಾಗೆಯೇ ಕೇಳಿತು ಆ ಮಾತು. ಅವನ ಹೆಸರು ಅನ್ವರ್, ಟ್ರಿಪ್ಲಿಕೇನಿನವನು. ಮನೆಯಲ್ಲಿ ಉರ್ದು, ಬೀದಿಯಲ್ಲಿ ತಮಿಳು. ಯಾಕೆ ಬಂದೆ ಎಂದು ಹೇಳಿದ ಮೇಲೆ ಮೀಟರ್ ಮಾತು ಬಿಟ್ಟು, "ದಿನಕ್ಕೆ ಎಂಟುನೂರು ಕೊಡಿ, ನಿಮ್ಮ ಜೊತೆಗೇ ಇರ್ತೀನಿ. ಮಾತಿಗೆ ಬೇರೆ ದುಡ್ಡು ಬೇಡ" ಅಂದ.

ಆಸ್ಪತ್ರೆಯಲ್ಲಿ ಎರಡು ತಾಸು ಕಾಯಬೇಕಾಯಿತು. ಹೆಣ ಇಡುವ ಕೋಣೆಯ ಗುಮಾಸ್ತ ಪುಸ್ತಕ ತೆಗೆದು ಓದಿದ, ಅನ್ವರ್ ಒಂದೊಂದಾಗಿ ಹೇಳಿದ. ತಾಳಿ ಒಂದು. ಕಾಲುಂಗುರ ಎರಡು. ಓಲೆ ಒಂದು ಜೊತೆ. ಗಾಜಿನ ಬಳೆ, ಕೆಲವು ಒಡೆದದ್ದು. ಇವೆಲ್ಲ ನನಗೆ ಬಂದಿದ್ದವು.

"ಕೊರಳಲ್ಲಿ ಇನ್ನೊಂದು ದಾರ? ಬಿಳಿ ಬಟ್ಟೆಯಲ್ಲಿ ಹೊಲಿದ ಸಣ್ಣ ಗಂಟು?"

ಗುಮಾಸ್ತ ಒಳಗಿನಿಂದ ಒಬ್ಬ ವಯಸ್ಸಾದ ಕೆಲಸಗಾರನನ್ನು ಕರೆದ. ಅವನು ಕೈ ಒರೆಸಿಕೊಳ್ಳುತ್ತ ಬಂದು, ಅನ್ವರ್ ಹೇಳಿದ್ದನ್ನು ಪೂರ್ತಿ ಕೇಳಿ, ನಿಧಾನವಾಗಿ ಉತ್ತರಿಸಿದ.

"ಏನಂದ?" ಎಂದು ಕೇಳಿದೆ.

"ದಾರ ಇದ್ದರೆ ಕತ್ತರಿಸಿ ಪೊಟ್ಟಣಕ್ಕೆ ಹಾಕ್ತೀವಿ ಅಂತಾನೆ. ತಾಯತವೋ ಶಿಲುಬೆಯೋ ಏನೇ ಇರಲಿ, ದೇವರ ಸಾಮಾನು ಯಾರೂ ಇಟ್ಟುಕೊಳ್ಳಲ್ವಂತೆ. ಇವನು ಮಾಡುವ ಕೆಲಸಕ್ಕೆ ದೇವರ ಭಯ ಇಲ್ಲದಿದ್ದರೆ ನಡೆಯಲ್ಲ ಅಂತಾನೆ." ಅನ್ವರ್ ಸೇರಿಸಿದ: "ಆ ಅಮ್ಮನ ಕೊರಳಲ್ಲಿ ತಾಳಿ ಒಂದೇ ಇತ್ತಂತೆ. ನೆನಪಿದೆಯಂತೆ."

ಹೊರಗೆ ಬಂದು ಮೆಟ್ಟಿಲ ಮೇಲೆ ಕೂತೆ. ಒಂದೋ ತೆರೆ ಕಿತ್ತುಕೊಂಡು ಹೋಗಿತ್ತು, ಇಲ್ಲವೇ ಅವಳು ನನ್ನ ಮಾತು ಕೇಳಿದ್ದಳು. ತೆರೆಯೇ ಒಯ್ದಿರಲಿ ಎಂದು ಆ ಮೆಟ್ಟಿಲ ಮೇಲೆ ಬೇಡಿಕೊಂಡೆ. ಲಿಂಗ ಹುಡುಕಲು ಬಂದ ನಾನೇ ಅದು ಸಿಗದಿರಲಿ ಎಂದು ಬೇಡಿಕೊಂಡದ್ದು ಆಮೇಲೆ ತಿಳಿಯಿತು.

ಅನ್ವರ್ ತನ್ನ ಓಣಿಯಲ್ಲಿ ಊಟ ಮಾಡಿಸಿದ. ಒಂದೇ ಬೀದಿಯಲ್ಲಿ ಮಸೀದಿ, ಸ್ವಲ್ಪ ಮುಂದೆ ಗುಡಿಯ ಗೋಪುರ, ಮಲಯಾಳಿಯ ಚಹದಂಗಡಿ, ಮಾರವಾಡಿಯ ಪಾತ್ರೆ ಅಂಗಡಿ, ಕನ್ನಡದಲ್ಲಿ ಬೋರ್ಡು ಬರೆದ ರಾಯರ ಮಠ. ಮಠದ ಬಾಗಿಲಲ್ಲಿ ಇಬ್ಬರು ನಮ್ಮ ರಾಯಚೂರಿನ ಮಾತು ಆಡುತ್ತಿದ್ದರು. ಕನ್ನಡ ಕೇಳಿ ಒಂದು ದಿನವಾಗಿತ್ತು. ಆದರೂ ಹತ್ತಿರ ಹೋಗಲಿಲ್ಲ. ಎಲ್ಲಿಂದ ಬಂದ್ರಿ, ಯಾಕ ಬಂದ್ರಿ ಎಂದು ನನ್ನ ಭಾಷೆಯಲ್ಲಿ ಯಾರಾದರೂ ಕೇಳಿದರೆ ತಡೆದುಕೊಳ್ಳಲಾರೆ ಅನ್ನಿಸಿತು.

ನಾಲ್ಕು ಗಂಟೆಗೆ ಮರೀನಾ ತೀರಕ್ಕೆ ಹೋದೆವು. ರಸ್ತೆಯಿಂದ ನೀರಿನವರೆಗೆ ಮರಳಿನಲ್ಲಿ ಬಹಳ ದೂರ ನಡೆಯಬೇಕು. ಬಿಸಿಲಿಗೆ ನೀರು ಕಣ್ಣಿಗೆ ಹೊಡೆಯುತ್ತಿತ್ತು. ಇಷ್ಟು ಬೆಳಕನ್ನು ನಾನು ಎಲ್ಲೂ ನೋಡಿರಲಿಲ್ಲ, ಮುಖ ಮರೆಸಿಕೊಳ್ಳಲು ಒಂದು ನೆರಳಿರಲಿಲ್ಲ. ಬಲೂನಿಗೆ ಗುಂಡು ಹೊಡೆಯುವವರು, ಸವಾರಿಯ ಕುದುರೆಗಳು, ಸುಟ್ಟ ಜೋಳ, ಮಾವಿನಕಾಯಿ. ಬುರ್ಖಾ ಹಾಕಿದ ಹೆಂಗಸರು, ತಲೆ ಬೋಳಿಸಿಕೊಂಡು ತಿರುಪತಿಯಿಂದ ಬಂದವರು, ಈಶಾನ್ಯದ ಕಡೆಯ ಹುಡುಗಿಯರು, ಎಲ್ಲರೂ ಸೀರೆ ಪ್ಯಾಂಟು ಎತ್ತಿಕೊಂಡು ತೆರೆಗೆ ಬೆನ್ನು ಕೊಟ್ಟು ಫೋಟೊ ತೆಗೆಸಿಕೊಳ್ಳುತ್ತಿದ್ದರು. ತೆರೆ ಬಂದಾಗ ಕೇಕೆ ಹಾಕುತ್ತಿದ್ದರು. ಅವಳೂ ಹೀಗೇ ಕೇಕೆ ಹಾಕಿರಬೇಕು.

ನೀಲಿ ಹೊದಿಕೆಯ ಮೀನಿನ ಗಾಡಿಯೊಂದರ ಬಳಿ ಚಪ್ಪಲಿ ಬಿಟ್ಟಿದ್ದೆವು ಎಂದು ಮಹಾದೇವಿ ಹೇಳಿದ್ದಳು. ಅಲ್ಲಿ ನೀಲಿ ಹೊದಿಕೆಯ ಗಾಡಿಗಳು ಸಾಲಾಗಿ ಇದ್ದವು. ಮೂರನೆಯದರಲ್ಲಿ ಐವತ್ತು ದಾಟಿದ ಒಬ್ಬ ಹೆಂಗಸು ಮೀನಿಗೆ ಖಾರ ಹಚ್ಚುತ್ತಿದ್ದಳು. ಅನ್ವರನ ತಮಿಳಿಗೆ ಅವಳು ಉತ್ತರ ಕೊಡುವ ಮೊದಲೇ ನನ್ನನ್ನು ನೋಡಿ ತೆಲುಗಿನಲ್ಲಿ, "ರೊಟ್ಟಿಯವರ ಕಡೆಯವನಾ?" ಎಂದು ಕೇಳಿದಳು. ಅವಳ ಮನೆಮಾತು ತೆಲುಗು, ಹೆಸರು ಪೋಲಮ್ಮ. ನಮ್ಮ ಕಡೆ ತೆಲುಗು ಸ್ವಲ್ಪ ಎಲ್ಲರಿಗೂ ಬರುತ್ತದೆ, ಶರಣಮ್ಮನಿಗೆ ನನಗಿಂತ ಚೆನ್ನಾಗಿ ಬರುತ್ತಿತ್ತು.

"ನಾನು ಅವಳ ಗಂಡ" ಅಂದೆ.

ಪೋಲಮ್ಮ ಒಲೆ ಆರಿಸಿದಳು. "ಈಗ ಬಂದೆಯಾ?" ಅಂದಳು.

ಅವಳು ಹೇಳಿದ್ದನ್ನು ಇಲ್ಲಿ ಹಾಗೇ ಬರೆಯುತ್ತೇನೆ. "ಎಲ್ಲರೂ ಚಪ್ಪಲಿ, ಚೀಲ ಇಟ್ಟು ಹೋದರು. ನಿನ್ನ ಹೆಂಡತಿ ಮಾತ್ರ ಹಿಂದೆ ಉಳಿದು, ಕೊರಳಿನಿಂದ ಒಂದು ಬಿಳಿ ಗಂಟು ತೆಗೆದು ಇಟ್ಟುಕೋ ಅಂದಳು. ಚೀಲದಲ್ಲಿ ಹಾಕು ಅಂದೆ. ಚೀಲದ ಪಕ್ಕ ಚಪ್ಪಲಿ ಇದೆ, ನೆಲಕ್ಕೂ ಇಡಬಾರದು, ಕೈಯಲ್ಲೇ ಹಿಡಿದಿರು ಅಂದಳು. ನನ್ನದು ಮೀನಿನ ಕೈ, ನಿಮ್ಮ ದೇವರಿಗೆ ಆಗುತ್ತಾ ಅಂದೆ. ನಿಂತು ಯೋಚನೆ ಮಾಡಿದಳು. ಆಮೇಲೆ ತನ್ನ ಬಾಟಲಿಯ ನೀರು ಹಾಕಿ ನನ್ನ ಕೈ ತಾನೇ ತೊಳೆದಳು. ಸೆರಗಿನಿಂದ ಒರೆಸಿ ಗಂಟು ಕೊಟ್ಟಳು."

"ಏನಾದರೂ ಹೇಳಿದಳಾ?"

"ನಮ್ಮ ಮನೆಯವರು ಫೋನಿನಲ್ಲಿ ಬೈದರು, ತೆಗೆದು ಹೋಗು ಅಂದರು ಎಂದು ನಕ್ಕಳು. ಐದು ನಿಮಿಷಕ್ಕೆ ಬರ್ತೀನಿ ಅಂದಳು."

ಅನ್ವರ್ ಬೇರೆ ಕಡೆ ನೋಡಿದ. ಅವನಿಗೂ ತೆಲುಗು ತಿಳಿಯುತ್ತಿತ್ತು.

"ಗಲಾಟೆಯಲ್ಲಿ ನಿಮ್ಮವರೆಲ್ಲ ಚೀಲ ಎತ್ತಿಕೊಂಡು ಆಸ್ಪತ್ರೆ ಗಾಡಿಯ ಹಿಂದೆ ಓಡಿದರು" ಎಂದು ಪೋಲಮ್ಮ ಮುಂದುವರಿಸಿದಳು. "ಕೂಗಿದೆ, ಯಾರಿಗೂ ಕೇಳಲಿಲ್ಲ. ಮನೆಗೆ ಒಯ್ದು ದೇವರ ಗೂಡಲ್ಲಿಟ್ಟೆ. ಆ ದಿನಗಳಲ್ಲಿ ಮನೆಯಲ್ಲಿ ಮೀನು ಬೇಯಿಸಲಿಲ್ಲ. ದೀಪ ಹಚ್ಚುತ್ತಿದ್ದೆ. ದಿನಾ ಇಲ್ಲಿ ಕೂತು ದಾರಿ ನೋಡಿದೆ, ಯಾರಾದರೂ ಬರ್ತಾರೆ ಅಂತ. ಹದಿನಾರು ದಿನ ಆಯಿತು. ಹದಿನಾರಕ್ಕೆ ನಮ್ಮಲ್ಲಿ ಎಲ್ಲ ಮುಗಿಸುತ್ತಾರೆ, ಸತ್ತವರ ವಸ್ತು ಆಮೇಲೆ ಮನೆಯಲ್ಲಿ ಇರಬಾರದು. ಅರಿಶಿನ, ಹೂವು ಇಟ್ಟು, ಅವಳು ಹೋದ ಕಡೆಯೇ ನೀರಿಗೆ ಬಿಟ್ಟೆ. ತಪ್ಪಾಯಿತಾ?"

ಇಲ್ಲ ಅಂದೆ. ಬಟ್ಟೆ ಹೇಗಿತ್ತು ಎಂದು ಸುಮ್ಮನೆ ಕೇಳಿದೆ. "ಬಿಳಿ ಪಾಪ್ಲಿನ್, ಎರಡು ಸಾಲು ಹೊಲಿಗೆ" ಅಂದಳು. ಅದು ನನ್ನ ಹೊಲಿಗೆ.

ಅವಳು ತೋರಿಸಿದ ಜಾಗಕ್ಕೆ ಹೋಗಿ ಪಾದ ಮುಳುಗುವಷ್ಟು ನೀರಿನಲ್ಲಿ ನಿಂತೆ. ತೆರೆ ಹಿಂದೆ ಸರಿಯುವಾಗ ಅಂಗಾಲಿನ ಕೆಳಗಿನ ಮರಳನ್ನೂ ಎಳೆದುಕೊಂಡು ಹೋಗುತ್ತದೆ, ನಿಂತವರು ತಾವೇ ಜಾರುತ್ತಿದ್ದೇವೆ ಅಂದುಕೊಳ್ಳುತ್ತಾರೆ. ಬಗ್ಗಿ ಒಂದೆರಡು ಸಲ ಕೈಯಾಡಿಸಿದೆ. ಇಪ್ಪತ್ತೈದು ದಿನದ ಹಿಂದೆ ಬಿಟ್ಟದ್ದು. ಮರಳೂ ಕಪ್ಪೆಚಿಪ್ಪೂ ಬಿಟ್ಟು ಕೈಗೆ ಬೇರೇನೂ ಹತ್ತಲಿಲ್ಲ. ಪಹರೆಯವನು ಸೀಟಿ ಊದಿ ಹಿಂದೆ ಬರಲು ಸನ್ನೆ ಮಾಡಿದ.

ಮರಳಿ ಸ್ಟೇಷನ್ನಿಗೆ ಹೋಗುವಾಗ ಅನ್ವರ್, "ಭಾಯ್, ಮೈಲಾಪುರದ ಅಂಗಡಿಗಳಲ್ಲಿ ಕಲ್ಲಿನ ಲಿಂಗ ಸಿಗ್ತದೆ. ಬಟ್ಟೆ ನೀವೇ ಹೊಲೀತೀರಿ. ಆಸ್ಪತ್ರೆಯಲ್ಲಿ ಸಿಕ್ಕಿತು ಅಂತ ನಿಮ್ಮ ಅತ್ತೆಗೆ ಕೊಡಿ. ಅಲ್ಲಾ ಮಾಫ್ ಮಾಡ್ತಾನೆ, ನಿಮ್ಮ ದೇವರೂ ಮಾಡ್ತಾನೆ" ಅಂದ. ಎರಡು ಸಿಗ್ನಲ್ ದಾಟುವವರೆಗೆ ನಾನು ಅದನ್ನೇ ಯೋಚಿಸಿದೆ. ಹಾಗೆ ಮಾಡಿದರೆ ಊರಿನ ಬಾಯಿ ಮುಚ್ಚುತ್ತಿತ್ತು. ನನ್ನ ಬಾಯಿಯೂ ಮುಚ್ಚಿಯೇ ಇರುತ್ತಿತ್ತು. ಬೇಡ, ಸ್ಟೇಷನ್ನಿಗೇ ಬಿಡು ಅಂದೆ. ಇಳಿಯುವಾಗ ಅವನು ಎಂಟುನೂರರಲ್ಲಿ ಮುನ್ನೂರು ವಾಪಸು ಕೊಟ್ಟ. ಬೇಡವೆಂದರೂ ಜೇಬಿಗೆ ತುರುಕಿದ.

ಮರುದಿನ ರಾಯಚೂರಿನಲ್ಲಿ ಇಳಿದು ಮನೆಗೆ ಹೋಗದೆ ಮಾನ್ವಿಯ ಬಸ್ಸು ಹಿಡಿದೆ. ಅಲ್ಲಿಂದ ಟಂಟಂ ಆಟೊದಲ್ಲಿ ಮಲ್ಲಟಕ್ಕೆ ಹೋದೆ. ಮೋಡ ಕವಿದಿತ್ತು, ಹನಿ ಬಿದ್ದಿರಲಿಲ್ಲ. ನಿಂಗಮ್ಮ ಪಡಸಾಲೆಯಲ್ಲಿ ಅಕ್ಕಿ ಆರಿಸುತ್ತಿದ್ದಳು. ನನ್ನ ಕೈ ನೋಡಿದಳು.

"ಸಿಗಲಿಲ್ಲೇನಪ್ಪಾ?"

"ಇಲ್ಲಬೇ. ಆಕಿ ತಗದು ಇಳದಿದ್ಲು. ನಾನ ತಗೀ ಅಂತ ಹೇಳಿದ್ದೆ ಫೋನಿನಾಗ. ಗದರಿಸಿ ಹೇಳಿದ್ದೆ."

ಮೊರದ ಮೇಲೆ ಅವಳ ಕೈ ನಿಂತಿತು. ಉಳಿದದ್ದನ್ನೂ ಹೇಳಿದೆ. ಪೋಲಮ್ಮ, ಬಾಟಲಿಯ ನೀರು, ಹದಿನಾರು ದಿನ. ಒಂದನ್ನೂ ಮುಚ್ಚಿಡಲಿಲ್ಲ.

"ಆ ಮೀನಿನಾಕಿ ಕೈ ತೊಳಕೊಂಡಿದ್ಲಾ?"

"ಶರಣಮ್ಮ ತಾನ ತೊಳದ್ಲಂತ."

"ದೀಪ ಹಚ್ಚಿದ್ಲಾ?"

"ಹಚ್ಚಿದ್ಲಂತ. ದಿನಾ."

"ಹದಿನಾರು ದಿನ ದಾರಿ ನೋಡಿದ್ಲು." ಅವಳು ಒಂದು ಕಲ್ಲು ಆರಿಸಿ ಬದಿಗಿಟ್ಟಳು. "ಹನ್ನೊಂದನೇ ದಿನ ನಾ ನಿನಗ ಹೋಗು ಅಂದಿದ್ದೆ. ನೀ ಎಲ್ಲಿದ್ದಿ?"

"ಅಂಗಡ್ಯಾಗ" ಅಂದೆ.

ಅವಳು ಎದ್ದು ಒಳಗೆ ಹೋಗಿ ಒಂದು ಚಂಬು ನೀರು ತಂದು ನನ್ನ ಮುಂದೆ ಇಟ್ಟು, ತಿರುಗಿ ಮೊರ ಹಿಡಿದಳು.

ಸಂಜೆ ದೇವದುರ್ಗಕ್ಕೆ ಬಂದು ಅಯ್ಯನವರಿಗೂ ಇದನ್ನೇ ಹೇಳಿದೆ. ಅವರ ಬಳಿ ಕೂತಿದ್ದ ನಾಲ್ಕು ಜನರೂ ಕೇಳಿಸಿಕೊಂಡರು. ಈಗ ಊರು ಮಾತಾಡುವುದು ನನ್ನ ಬಗ್ಗೆ. ಅದು ಸರಿಯೇ. ಗುಣಿಯ ಮೇಲಿನ ಮಣ್ಣು ಕೂತಿದೆ. ಅದರ ಕೆಳಗೆ ಅವಳ ಎಡಗೈಯಲ್ಲಿರುವುದು ಮಠದಿಂದ ತಂದ ಲಿಂಗ. ಅವಳದು ಅಲ್ಲಿಲ್ಲ.