ಗುಮ್ಮಟ ಕಾಣುತ್ತಿದ್ದ ಕೋಣೆ

ಶಿಕ್ಷಕಿಯಾಗುವ ತರಬೇತಿಗೆಂದು ಅವ್ವ ಕಲಬುರಗಿಯಲ್ಲಿದ್ದದ್ದು ಒಂದೇ ವರ್ಷ. ಅಷ್ಟರಲ್ಲಿ ಮದುವೆ ಗೊತ್ತಾಯಿತು. ಓದು ಬಿಟ್ಟು ಕಮಲಾಪುರಕ್ಕೆ ಬಂದಳು. ರೊಟ್ಟಿ ಬಡಿಯುವಾಗಲೆಲ್ಲ ಆ ವರ್ಷದ್ದೇ ಮಾತು. ಕೋಟೆ ಹತ್ತಿರದ ಓಣಿ, ಬಾಗಿಲ ಕಮಾನಿನ ಮೇಲೆ ಗಾರೆಯ ದಾಳಿಂಬೆ, ಮಹಡಿ ಕೋಣೆಯ ಕಿಟಕಿಯಿಂದ ಕಾಣುವ ಮಸೀದಿಯ ಗುಮ್ಮಟ.

ನನಗೆ ಕಲಬುರಗಿಯಲ್ಲೇ ನೌಕರಿ ಸಿಕ್ಕ ಮೇಲೆ ಭಾನುವಾರಗಳಂದು ಆ ಮನೆಯನ್ನು ಹುಡುಕುತ್ತಾ ನಡೆದೆ. ಟೈಲ್ಸ್ ಹಚ್ಚಿದ ಹೊಸ ಮನೆಗಳ ನಡುವೆ ಅಲ್ಲಲ್ಲಿ ಕರಿಕಲ್ಲಿನ ಗೋಡೆ, ಹುಳು ತಿಂದ ಕಂಬ. ಕೊನೆಗೊಂದು ದಿನ ಕರೆಂಟಿನ ಮೀಟರಿನ ಹಿಂದೆ ಅರ್ಧ ಮುಚ್ಚಿಹೋದ ದಾಳಿಂಬೆ ಕಂಡಿತು. ಬಣ್ಣದ ಮೇಲೆ ಬಣ್ಣ ಬಳಿದು ಅದು ಉಂಡೆಯಂತಾಗಿತ್ತು.

ಹೊಸ್ತಿಲಲ್ಲಿ ಕುಳಿತಿದ್ದ ಮುದುಕಿ ಕೇಳಿದರು, "ಕ್ಯಾ ನೋಡಾಕತ್ತೀರಿ ಬೇಟಿ?"

"ನಮ್ಮವ್ವ ಇಲ್ಲಿ ಬಾಡಿಗಿಗಿ ಇದ್ದಳಂತ್ರಿ. ಟೀಚರ್ ಟ್ರೇನಿಂಗಿಗಿ ಬಂದಾಕಿ."

"ದೊಡ್ಡ ದನಿ ಮಾಡಿ ಓದ್ತಿದ್ದಳಲ್ಲ, ಆಕೀನಾ?" ಅವರು ನನ್ನ ಕೈ ಹಿಡಿದರು. "ನಾ ಆಗ ಹೊಸಾ ಮದುವಣಗಿತ್ತಿ. ನನಗ ಕನ್ನಡಾ ಬರ್ಯಾಕ ಕಲಿಸಿದಾಕಿ ಆಕೀನೇ ನೋಡ್ರಿ. ಮಧ್ಯಾಹ್ನ ಮಧ್ಯಾಹ್ನ, ಅತ್ತಿ ಮಲಗಿದ ಮ್ಯಾಲ."

ಈ ಸಂಗತಿಯನ್ನು ಅವ್ವ ಒಮ್ಮೆಯೂ ಹೇಳಿರಲಿಲ್ಲ.

ಮುಂದಿನ ಭಾನುವಾರ ಅವಳನ್ನು ಕರೆದುಕೊಂಡು ಬಂದೆ. ಓಣಿಯ ತಿರುವಿನಲ್ಲಿ ಅವಳು ನನ್ನನ್ನು ಬಿಟ್ಟು ಮುಂದೆ ನಡೆದಳು. ಬಾಗಿಲಲ್ಲಿ ಕಾಯುತ್ತಿದ್ದ ಮುದುಕಿ, "ಬಂದ್ರಾ ಟೀಚರಮ್ಮಾ?" ಎಂದರು. ಅವ್ವನನ್ನು ಜೀವಮಾನದಲ್ಲಿ ಯಾರೂ ಹಾಗೆ ಕರೆದಿರಲಿಲ್ಲ. ಅವಳು ಸೆರಗಿನಿಂದ ಬಾಯಿ ಮುಚ್ಚಿಕೊಂಡು ನಿಂತೇಬಿಟ್ಟಳು.

ಮಹಡಿಯ ಕೋಣೆ ಯಾವುದೋ ಮಳೆಗಾಲದಲ್ಲಿ ಬಿದ್ದುಹೋಗಿತ್ತು. ಅಂಗಳದಿಂದ ಹೊರಟ ಕಲ್ಲಿನ ಮೆಟ್ಟಿಲು ಬರೀ ಆಕಾಶಕ್ಕೆ ಹೋಗಿ ನಿಂತಿತ್ತು. ಗೋಡೆಯಲ್ಲಿ ತೊಲೆಗಳ ತೂತು, ಮೇಲೆ ಕೈಗೆಟುಕದ ಎತ್ತರದಲ್ಲಿ ಪುಸ್ತಕ ಇಡುವ ಗೂಡು. ಬೇಡವೆಂದರೂ ಅವ್ವ ನಾಲ್ಕು ಮೆಟ್ಟಿಲು ಹತ್ತಿ ಕುಳಿತಳು. ಮಂಡಿನೋವಿನ ಮುದುಕಿ ಕೆಳಗಿನ ಮೆಟ್ಟಿಲಲ್ಲಿ ಕುಳಿತರು. ಗುಮ್ಮಟ ಅಲ್ಲಿಂದ ಕಾಣುತ್ತಿರಲಿಲ್ಲ. ಎದುರಿಗೆ ಯಾರದೋ ಮನೆಯ ನೀರಿನ ಟಾಕಿ.

"ಬರಿಯೂದು ಮರ್ತಿಲ್ಲಲ್ಲ?" ಎಂದಳು ಅವ್ವ.

"ಮರೀತೀನೇನು? ಮಕ್ಕಳಿಗೂ ನಾನೇ ಕಲಿಸೀನಿ."

ಸಂಜೆ ವಾಪಸ್ ಹೋಗುವಾಗ ಬಸ್ಸಿನಲ್ಲಿ ಅವ್ವ ಕಿಟಕಿಯ ಪಕ್ಕ ಕುಳಿತಳು. ಮಹಾಗಾಂವ ದಾಟಿದ ಮೇಲೆ, "ಇನ್ನೊಂದು ವರ್ಷ ಇದ್ದಿದ್ರ..." ಎಂದಳು. ನಾನು ಅವಳತ್ತ ತಿರುಗಿದೆ. ಅವಳು ಹೊರಗಿನ ತೊಗರಿ ಹೊಲಗಳನ್ನು ನೋಡುತ್ತಿದ್ದಳು.