ಸೈಕಲ್ ಹಾದಿಯ ಮೇಲೊಂದು ಶಾಮಿಯಾನ

ಜೋಗುಪಾಳ್ಯದ ನಮ್ಮ ಮನೆಯ ಹಾಲಿನಲ್ಲಿ, ದೇವರ ಗೂಡಿಗೂ ಟೀವಿಗೂ ನಡುವೆ, ಒಂದು ಲೇಡೀಸ್ ಸೈಕಲ್ಲು ಬಹುಕಾಲ ಬಿಡಾರ ಮಾಡಿತ್ತು, ಸ್ವಾಮಿ. ಹೊರಗೆ ನಿಲ್ಲಿಸಿದರೆ ಕಳ್ಳರ ಭಯ, ಮೆಟ್ಟಿಲ ಕೆಳಗಿಟ್ಟರೆ ಸೀಟಿಗೆ ಇಲಿಗಳ ಭಯ. ಹೀಗಾಗಿ ನನ್ನ ಕಡೆಯ ನೆಂಟರಿಗೆ ಸಿಗದ ಮರ್ಯಾದೆ ಅದಕ್ಕೆ ಸಿಕ್ಕಿತ್ತು. ನನ್ನ ಹೆಂಡತಿ ವಿಶಾಲಾಕ್ಷಿ ಪ್ರತಿದಿನ ಅದನ್ನೇರಿ, ಹಳೆ ಮದ್ರಾಸ್ ರಸ್ತೆ ಹಿಡಿದು, ಕೆ.ಆರ್. ಪುರದ ದಿಕ್ಕಿನಲ್ಲಿದ್ದ ತನ್ನ ಶಾಲೆಗೆ ಪಾಠ ಹೇಳಲು ಹೋಗುತ್ತಿದ್ದಳು. ನನ್ನ ಸ್ಕೂಟರಿನ ಹಿಂದಿನ ಸೀಟನ್ನು ನಾನು ಎಷ್ಟೋ ಸಲ ಉದಾರವಾಗಿ ಅರ್ಪಿಸಿದ್ದುಂಟು. "ಆ ಅರ್ಧ ಗಂಟೇಲಿ ನನ್ನನ್ನ ಯಾರೂ ಏನೂ ಕೇಳಲ್ಲ ರೀ, ಅದನ್ನೂ ಕಿತ್ಕೋಬೇಡಿ" ಎಂದು ಅವಳು ಅಷ್ಟೇ ಉದಾರವಾಗಿ ನಿರಾಕರಿಸಿದ್ದಳು.

ಒಂದು ಸಂಜೆ ಬಸ್ಸೊಂದು ಅವಳ ಮೊಣಕೈ ಸವರಿಕೊಂಡು ಹೋಯಿತು. ಮನೆಗೆ ಬಂದವಳು ನೀರು ಕುಡಿದು, ಸೈಕಲ್ಲನ್ನು ಗೋಡೆಗೊರಗಿಸಿ, "ಇನ್ನೊಂದ್ಸಲ ಹೀಗಾದ್ರೆ ಇದನ್ನ ಯಾರಿಗಾದ್ರೂ ಕೊಟ್ಬಿಡ್ತೀನಿ" ಎಂದಳು. ಅವಳ ಏರುದನಿಗೆ ಒಗ್ಗಿಹೋಗಿದ್ದ ನಾನು ಆ ತಗ್ಗುದನಿಗೆ ಬೆದರಿ, ಮರುದಿನವೇ ಚಳವಳಿಗಾರನಾದೆ.

ಸೈಕಲ್ ಹಾದಿ ಹೋರಾಟ ಸಮಿತಿಯ ಅಧ್ಯಕ್ಷನಾದ ಈ ಮಹಾನುಭಾವನಿಗೆ ಸೈಕಲ್ ತುಳಿಯಲು ಬರುತ್ತಿರಲಿಲ್ಲವೆಂಬುದನ್ನು ಇಲ್ಲಿ ವಿನಯದಿಂದ ನಿವೇದಿಸಬೇಕು. ಹರೆಯದಲ್ಲಿ ಹಲಸೂರು ಕೆರೆಯ ಏರಿಯ ಮೇಲೆ ಕಲಿಯಹೋಗಿ ಬಿದ್ದಂದಿನಿಂದ, ತಪ್ಪು ಏರಿಯದೇ ಎಂದು ನಂಬಿ ಬದುಕಿದವನು ನಾನು. ಖಜಾಂಚಿ ಮುನಿರೆಡ್ಡಿಯ ಹಿರಿಯರು ರಾಗಿ ಬೆಳೆದ ಹೊಲದಲ್ಲಿ ಈಗ ಬಾಡಿಗೆ ಮನೆಗಳು ಬೆಳೆದಿದ್ದವು. ಜೊತೆಗೆ ಶಾಮಿಯಾನ, ಕುರ್ಚಿಗಳ ವ್ಯಾಪಾರ ಬೇರೆ. "ಸಾರ್, ತುಳಿಯಕ್ಕೆ ಬರಲ್ಲ ಅಂತ ಎಲ್ಲೂ ಬಾಯ್ಬಿಡ್ಬೇಡಿ. ಅಧ್ಯಕ್ಷರಿಗೆ ಅದೆಲ್ಲ ಯಾಕೆ?" ಎಂದು ಅವನು ಧೈರ್ಯ ತುಂಬಿದ.

ನಾವು ಕೇಳಿದ್ದಾದರೂ ಏನು? ರಸ್ತೆಯಂಚಿನಲ್ಲಿ ನಾಲ್ಕು ಮೊಳ ಜಾಗ, ನಡುವೆ ಒಂದು ಸಾಲು ಕಲ್ಲು. ಯೋಚಿಸಿದರೆ, ಮನುಷ್ಯ ಲೋಕವನ್ನು ಬೇಡುವುದೂ ಬಹುಶಃ ಇಷ್ಟೇ: ತನ್ನ ವೇಗದಲ್ಲಿ ತಾನು ಸಾಗಲು ಒಂದಿಷ್ಟು ಹಾದಿ, ಹೆಚ್ಚು ಅವಸರವುಳ್ಳವರಿಂದ ಸಣ್ಣದೊಂದು ಮರೆ. ಕಚೇರಿಗಳ ಬೆಂಚು ಸವೆಸಿದ ಮೇಲೆ, ದೇವರ ದಯೆಯೋ ಚುನಾವಣೆಯ ದಯೆಯೋ, ಒಂದು ತುಂಡು ರಸ್ತೆಗೆ ಹಸಿರು ಬಣ್ಣ ಬಳಿದು ಕಲ್ಲು ನೆಟ್ಟರು. ಮೊದಲ ದಿನ ಹೋಗಿಬಂದ ವಿಶಾಲಾಕ್ಷಿ ಅಡುಗೆಮನೆಯಲ್ಲಿ ಏನೋ ಗುನುಗುತ್ತಿದ್ದಳು.

ಅಷ್ಟಕ್ಕೆ ಸುಮ್ಮನಿದ್ದರೆ ನಾವು ಸಮಿತಿ ಹೇಗಾದೇವು? ಉದ್ಘಾಟನೆ ಬೇಡವೇ? ನಮ್ಮ ಕಡೆ ಮದುವೆಗಾಗಲಿ, ತಿಥಿಗಾಗಲಿ, ರಾಜ್ಯೋತ್ಸವಕ್ಕಾಗಲಿ ಶಾಮಿಯಾನ ಬೇಕು. ಶಾಮಿಯಾನಕ್ಕೆ ರಸ್ತೆ ಬೇಕು. ಎಲ್ಲಿ ಹಾಕುವುದೆಂಬ ಪ್ರಶ್ನೆಗೆ ಮುನಿರೆಡ್ಡಿ, "ಹಸಿರು ಪಟ್ಟಿ ಮೇಲೇ ಹಾಕೋಣ ಸಾರ್, ಗಾಡಿ ಕಾಟ ಇಲ್ಲ" ಎಂದ. ನಾನು ಅವನ ದೂರದೃಷ್ಟಿಯನ್ನು ಮನಸಾರೆ ಮೆಚ್ಚಿದೆ. ಫುಟ್‌ಪಾತನ್ನೂ ಸೇರಿಸಿಕೊಂಡು ಕುರ್ಚಿಗಳು ರೈಲುಬೋಗಿಯಂತೆ ಉದ್ದಕ್ಕೆ ಹರಡಿದವು. ತುದಿಯಲ್ಲಿ ವೇದಿಕೆ, ಅದರ ಪಕ್ಕದಲ್ಲಿ ಉಳಿದ ಹಾದಿಗೂ ಅಡ್ಡಲಾಗಿ ಬಿಗಿದ ಪರದೆ.

ಬೆಳಗಿನ ಸಭೆ. ಸುರಕ್ಷತೆಯ ಮಹತ್ವವನ್ನು ನಾನು ಮೈಕಿನಲ್ಲಿ ಬಣ್ಣಿಸುತ್ತಿದ್ದಾಗ ಶಾಮಿಯಾನದ ಬಾಯಿಗೆ ವಿಶಾಲಾಕ್ಷಿಯ ಸೈಕಲ್ಲು ಬಂದು ನಿಂತಿತು. ಭಾಷಣ ನಿಲ್ಲಿಸದೆಯೇ ನಾನು ಕೈ ಬೀಸಿ, ಲಾರಿಗಳು ಓಡುತ್ತಿದ್ದ ದೊಡ್ಡ ರಸ್ತೆಯ ಕಡೆಯಿಂದ ಬಳಸಿ ಹೋಗೆಂದು ಸನ್ನೆ ಮಾಡಿದೆ. ಅವಳು ಲಾರಿಗಳನ್ನು ನೋಡಿದಳು, ನನ್ನನ್ನು ನೋಡಿದಳು, ಸೈಕಲ್ಲಿನಿಂದ ಇಳಿದಳು. ಇನ್ನು ಮನೆಯ ಕಡೆ ತಿರುಗುತ್ತಾಳೆ, ಸೈಕಲ್ಲು ಇವತ್ತೇ ಯಾರದೋ ಪಾಲಾಗುತ್ತದೆ ಎಂದುಕೊಂಡೆ. ಭಾಷಣ ಬಿಟ್ಟು, ಮೈಕು ಹಿಡಿದುಕೊಂಡೇ ವೇದಿಕೆಯ ಅಂಚಿಗೆ ಬಂದೆ.

ಅವಳು ಬೆಲ್ ಹೊಡೆದಳು. "ಸ್ವಲ್ಪ ಕಾಲು ತಗೀರಿ." ಜನ ಕಾಲೆಳೆದುಕೊಂಡರು, ಕುರ್ಚಿ ಸರಿಸಿದರು. ಅವಳ ಹಿಂದೆ ಒಬ್ಬ ಹಾಲಿನವ, ಅವನ ಹಿಂದೆ ಡಬ್ಬಿ ತೂಗಿಸಿಕೊಂಡ ಗಾರೆಯವರು, ಎಲ್ಲರೂ ಸೈಕಲ್ ತಳ್ಳಿಕೊಂಡೇ ಬಂದರು. "ಏಯ್ ಗುರು, ಪ್ರೆಸಿಡೆಂಟ್ ಮಿಸೆಸ್ ಕಣೋ, ಜಾಗ ಬಿಡ್ರೋ" ಎಂದು ಯಾರೋ ನಕ್ಕರು. ಮುಖ್ಯ ಅತಿಥಿಗಳು ಹಾರ ಸಮೇತ ಎದ್ದು ಪಕ್ಕಕ್ಕಾದರು.

ವೇದಿಕೆಯ ಬಳಿ ಅವಳು ಒಂದು ಕ್ಷಣ ನಿಂತು, ಮನೆಯಲ್ಲಿ ಹೇಳುವಷ್ಟೇ ಮೆಲ್ಲಗೆ, "ನಾಳೆಯಿಂದ್ಲೂ ಇದೇ ಹೊತ್ತಿಗೆ ಬರ್ತೀನಿ. ಬಿಚ್ಚಿಸಿಡಿ" ಎಂದಳು.

ಮೈಕು ನನ್ನ ಕೈಯಲ್ಲಿದ್ದುದರಿಂದ ಆ ಮಾತು ರಸ್ತೆಯಾಚೆಗೂ ಕೇಳಿಸಿತು. ಮುನಿರೆಡ್ಡಿ ಆಗಲೇ ಪರದೆಯ ಹಗ್ಗಕ್ಕೆ ಕೈ ಹಾಕಿದ್ದ.